ಮಲೆನಾಡಿನ ಜಗುಲಿಯಲ್ಲಿ ಗಿಡ್ಡ ಐರಿಸ್: ಗೆಡ್ಡೆ ಕೊಳ್ಳುವುದರಿಂದ ಹೂ ಅರಳುವವರೆಗೆ

ಮಳೆಗಾಲ ಹಿಂದೆ ಸರಿದು ದಸರೆ ಹತ್ತಿರವಾಗುತ್ತಿದ್ದಂತೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ನೀಲಿ ಹೂವಿನ ಗಿಡ್ಡ ಐರಿಸ್ ಗೆಡ್ಡೆಗಳನ್ನು ತರಿಸಬೇಕೆಂದಿದ್ದೇವೆ, ನಮ್ಮದು ತಂಪಾದ ಮಲೆನಾಡು, ಸಾಗರ, ತೀರ್ಥಹಳ್ಳಿ, ಹೊಸನಗರದ ಹವೆಗೆ ಅವು ಹೂ ಬಿಡುತ್ತವೆಯೇ ಎಂಬುದು ಆ ಪ್ರಶ್ನೆ. ಹಿತ್ತಿಲ ಮಣ್ಣಿನಲ್ಲಿ ನೆಟ್ಟು ಬಿಟ್ಟರೆ ಬಿಡುವುದಿಲ್ಲ. ಫ್ರಿಜ್ಜಿನಲ್ಲಿ ಮೂರು ತಿಂಗಳ ಚಳಿ ಕೊಟ್ಟು ಕುಂಡದಲ್ಲಿ ಬೆಳೆಸಿದರೆ ಒಂದು ಸಲ, ಫೆಬ್ರುವರಿಯ ಆಸುಪಾಸಿನಲ್ಲಿ, ಚೆನ್ನಾಗಿಯೇ ಬಿಡುತ್ತವೆ. ವರ್ಷವರ್ಷವೂ ತಾನಾಗಿ ಚಿಗುರಿ ಹೂ ಕೊಡುವ ಗಿಡವೆಂದು ಇದನ್ನು ತರಿಸಿದವರಿಗೆ ನಿರಾಸೆಯಾಗುವುದು ಖಚಿತ. ಒಂದು ಋತುವಿನ ಕುಂಡದ ಹೂವೆಂದು ಒಪ್ಪಿಕೊಂಡು ಬೆಳೆಸುವವರಿಗೆ ಮಾತ್ರ ಈ ಲೇಖನ ಉಪಯುಕ್ತ.

ಮೊದಲು ಗಿಡದ ತವರನ್ನು ತಿಳಿದುಕೊಳ್ಳಬೇಕು, ಏಕೆಂದರೆ ಮುಂದಿನ ಎಲ್ಲ ಹಂತಗಳೂ ಅದನ್ನೇ ಅವಲಂಬಿಸಿವೆ. ಅಂಗಡಿಯಲ್ಲಿ ಸಿಗುವ ಗಿಡ್ಡ ಐರಿಸ್‌ಗಳಲ್ಲಿ ಹೆಚ್ಚಿನವು ಐರಿಸ್ ರೆಟಿಕ್ಯುಲೇಟಾ ಮತ್ತು ಅದರ ಹತ್ತಿರದ ಸಂಬಂಧಿಗಳಾದ ಐರಿಸ್ ಹಿಸ್ಟ್ರಿಯಾಯ್ಡಿಸ್, ಐರಿಸ್ ಡ್ಯಾನ್‌ಫೋರ್ಡಿಯೇ ಎಂಬ ಪ್ರಭೇದಗಳಿಗೆ ಸೇರಿದವು. ಇವುಗಳ ಮೂಲ ನೆಲೆ ಟರ್ಕಿ, ಕಾಕಸಸ್, ಇರಾನ್ ಕಡೆಯ ಎತ್ತರದ ಬೆಟ್ಟಗುಡ್ಡಗಳು. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಹಿಮ ಕರಗುತ್ತಿದ್ದಂತೆ ಹೂ ಅರಳುತ್ತದೆ, ಬೇಸಿಗೆಯಲ್ಲಿ ನೆಲ ಪೂರ್ತಿ ಒಣಗಿ ಗೆಡ್ಡೆ ಸುಪ್ತಾವಸ್ಥೆಗೆ, ಅಂದರೆ ಬೆಳವಣಿಗೆ ನಿಲ್ಲಿಸಿ ಮಲಗಿರುವ ಸ್ಥಿತಿಗೆ ಹೋಗುತ್ತದೆ. ನಮ್ಮಲ್ಲಿ ಎರಡೂ ತಲೆಕೆಳಗು. ಶಿವಮೊಗ್ಗದಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲೂ ಉಷ್ಣಾಂಶ ಸಾಮಾನ್ಯವಾಗಿ 14ರಿಂದ 16 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ, ಈ ಗೆಡ್ಡೆಗೆ ಅದು ಚಳಿಯೇ ಅಲ್ಲ. ಇನ್ನು ಗೆಡ್ಡೆ ಒಣಗಿ ಮಲಗಬೇಕಾದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ನಮ್ಮಲ್ಲಿ ಮಳೆ ಸುರಿಯುತ್ತಿರುತ್ತದೆ. ಆಗುಂಬೆಯಲ್ಲಂತೂ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಹಾಗಾಗಿ ಬೆಳೆಗಾರನ ಕೆಲಸ ಮುಖ್ಯವಾಗಿ ಎರಡು: ಇಲ್ಲದ ಚಳಿಯನ್ನು ಒದಗಿಸುವುದು, ಇರುವ ನೀರನ್ನು ದೂರವಿಡುವುದು.

ಮಲೆನಾಡಿನ ಮನೆಗಳಲ್ಲಿ ಡೇರೆ ಹೂವಿನ ಗೆಡ್ಡೆಯನ್ನು ಬೇಸಿಗೆಯಲ್ಲಿ ಎತ್ತಿಟ್ಟು ಮಳೆ ಹಿಡಿಯುವ ಮುನ್ನ ನೆಡುವ ರೂಢಿ ಇದೆಯಲ್ಲ, ಅದೇ ಕ್ರಮವನ್ನು ಐರಿಸ್‌ಗೂ ಅನ್ವಯಿಸುವವರು ಬಹಳ ಮಂದಿ. ಡೇರೆಗೆ ಮಳೆ ಹಿತ, ಐರಿಸ್‌ಗೆ ಅದೇ ಮೃತ್ಯು. ಈ ಒಂದು ಅಭ್ಯಾಸವನ್ನು ಬದಿಗಿಟ್ಟು ಮುಂದೆ ಓದಿ.

ಬೇಕಾಗುವ ಸಾಮಗ್ರಿಗಳು

ಗಟ್ಟಿಯಾದ ಐರಿಸ್ ಗೆಡ್ಡೆಗಳು. ಸುಮಾರು 12ರಿಂದ 15 ಸೆಂಟಿಮೀಟರ್ ಅಗಲದ, ತಳದಲ್ಲಿ ತೂತುಗಳಿರುವ ಕುಂಡ ಅಥವಾ ಅಷ್ಟೇ ಗಾತ್ರದ ಪ್ಲಾಸ್ಟಿಕ್ ಡಬ್ಬಿ. ತೊಳೆದ ದಪ್ಪ ಮರಳು, ಕೆಂಪು ಮಣ್ಣು, ಪೂರ್ತಿ ಕಳಿತ ಎಲೆಗೊಬ್ಬರ. ಸ್ವಲ್ಪ ಕೃಷಿ ಸುಣ್ಣ. ಕುಂಡವನ್ನು ಮುಚ್ಚಲು ತೂತು ಮಾಡಿದ ಪ್ಲಾಸ್ಟಿಕ್ ಚೀಲ. ಚೀಟಿ ಬರೆದು ಅಂಟಿಸಲು ಕಾಗದ. ಎಲ್ಲಕ್ಕಿಂತ ಮುಖ್ಯವಾಗಿ, ಮೂರು ತಿಂಗಳ ಕಾಲ ಫ್ರಿಜ್ಜಿನ ಒಂದು ಮೂಲೆಯನ್ನು ಬಿಟ್ಟುಕೊಡಲು ಮನೆಯವರ ಒಪ್ಪಿಗೆ ಬೇಕು. ತಮಾಷೆಗೆ ಹೇಳುತ್ತಿಲ್ಲ. ಅರ್ಧ ದಾರಿಯಲ್ಲಿ ಕುಂಡವನ್ನು ಹೊರಗಿಡಬೇಕಾಗಿ ಬಂದರೆ ಅಲ್ಲಿಯವರೆಗಿನ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಹಂತ 1: ಸರಿಯಾದ ಗೆಡ್ಡೆಯನ್ನು ಗುರುತಿಸಿ ಕೊಳ್ಳುವುದು

ಹೆಚ್ಚಿನ ಸೋಲುಗಳು ಇಲ್ಲಿಯೇ ಶುರುವಾಗುತ್ತವೆ, ಏಕೆಂದರೆ ಐರಿಸ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಸ್ವಭಾವದ ಗಿಡಗಳು ಮಾರಾಟವಾಗುತ್ತವೆ. ಗಿಡ್ಡ ಐರಿಸ್‌ನದು ಈರುಳ್ಳಿಯ ಹಾಗೆ ಒಳಗೆ ಪದರಗಳಿರುವ ನಿಜವಾದ ಗೆಡ್ಡೆ. ರೆಟಿಕ್ಯುಲೇಟಾ ಗುಂಪಿನ ಗೆಡ್ಡೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಹೊರಸಿಪ್ಪೆ ಕಂದು ಬಣ್ಣದ ನಾರಿನ ಬಲೆಯನ್ನು ಸುತ್ತಿದಂತೆ ಕಾಣುತ್ತದೆ. ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪ ಸರಿಸಿದರೆ ಒಳಗೆ ಬಿಳಿಯ ನುಣುಪಾದ ಮೈ ಇರುತ್ತದೆ. ಇದಕ್ಕೆ ಬದಲಾಗಿ ಶುಂಠಿಯಂತೆ ಅಡ್ಡಡ್ಡ ಬೆಳೆದ ತುಂಡುಗಳು ಬಂದರೆ ಅದು ರೈಜೋಮ್, ಅಂದರೆ ಮಣ್ಣಿನಲ್ಲಿ ಅಡ್ಡ ಹರಿಯುವ ಕಾಂಡ. ಆ ಐರಿಸ್‌ಗಳ ಆರೈಕೆಯ ಕ್ರಮವೇ ಬೇರೆ. ಕಾಶ್ಮೀರದಲ್ಲಿ ಗೋರಿಗಳ ಮೇಲೆ ನೆಡುವ ಐರಿಸ್ ಕೂಡ ಈ ರೈಜೋಮ್ ಜಾತಿಯದು. ಡಚ್ ಐರಿಸ್ ಎಂಬ ಹೆಸರಿನಲ್ಲಿ ಸಿಗುವುದು ಗೆಡ್ಡೆಯೇ ಆದರೂ ಅದು ಮೊಣಕಾಲೆತ್ತರಕ್ಕೂ ಮಿಕ್ಕಿ ಬೆಳೆಯುವ, ಹೂದಾನಿಗೆ ಕತ್ತರಿಸಲು ಬಳಸುವ ಗಿಡ.

ಅಂತರಜಾಲದ ಮಾರಾಟ ತಾಣಗಳಲ್ಲಿ ಕಾಮನಬಿಲ್ಲಿನ ಬಣ್ಣಗಳ ಚಿತ್ರ ಹಾಕಿ ಐರಿಸ್ ಬೀಜದ ಪೊಟ್ಟಣಗಳನ್ನು ಮಾರುತ್ತಾರೆ. ಅವುಗಳತ್ತ ನೋಡಬೇಡಿ. ಬೀಜ ಅಸಲಿಯಾಗಿದ್ದರೂ ಬಿತ್ತಿ ಹೂ ನೋಡಲು ವರ್ಷಗಳೇ ಬೇಕು, ಅದೂ ಪ್ರತಿ ವರ್ಷ ಚಳಿ ಸಿಗುವ ಊರಿನಲ್ಲಿ. ಹೊರದೇಶದಿಂದ ನೀವೇ ನೇರವಾಗಿ ಗೆಡ್ಡೆ ತರಿಸುವುದು ಅಥವಾ ನೆಂಟರ ಪೆಟ್ಟಿಗೆಯಲ್ಲಿ ತರಿಸುವುದೂ ಬೇಡ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಇಂಥ ನೆಡುವ ವಸ್ತುಗಳಿಗೆ ಆಮದು ಪರವಾನಗಿಯೂ ರೋಗವಿಲ್ಲವೆಂಬ ಪ್ರಮಾಣಪತ್ರವೂ ಬೇಕು. ಆಮದುದಾರರ ಮೂಲಕ ಬರುವ ನೆದರ್ಲೆಂಡ್ಸ್‌ನ ಗೆಡ್ಡೆಗಳು ಸಾಮಾನ್ಯವಾಗಿ ಅಕ್ಟೋಬರ್, ನವೆಂಬರ್ ಹೊತ್ತಿಗೆ ನಮ್ಮ ನರ್ಸರಿಗಳಿಗೆ ತಲುಪುತ್ತವೆ.

ತಳಿಯ ಆಯ್ಕೆಯಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಕಡುನೇರಳೆಯ ಜಾರ್ಜ್, ನೀಲಿಯ ಹಾರ್ಮನಿ, ತೆಳುನೀಲಿಯ ಮೇಲೆ ಹಳದಿ ಛಾಯೆಯುಳ್ಳ ಕ್ಯಾಥರೀನ್ ಹಾಜ್‌ಕಿನ್, ಇವುಗಳಲ್ಲಿ ಯಾವುದು ಸಿಕ್ಕರೂ ತೆಗೆದುಕೊಳ್ಳಿ. ಹಳದಿ ಹೂವಿನ ಡ್ಯಾನ್‌ಫೋರ್ಡಿಯೇ ನೋಡಲು ಚೆಂದವಾದರೂ ಅದರ ಗೆಡ್ಡೆ ಹೂ ಬಿಟ್ಟ ಮೇಲೆ ಸಣ್ಣ ಸಣ್ಣ ಮರಿಗೆಡ್ಡೆಗಳಾಗಿ ಒಡೆದುಹೋಗುತ್ತದೆ. ತಂಪು ದೇಶದ ತೋಟಗಾರರೇ ಅದರಿಂದ ಮರುವರ್ಷದ ಹೂ ನಿರೀಕ್ಷಿಸುವುದಿಲ್ಲ.

ಕೊಳ್ಳುವಾಗ ಗೆಡ್ಡೆಯನ್ನು ಒತ್ತಿ ನೋಡಿ, ಗಟ್ಟಿಯಾಗಿರಬೇಕು. ದಾರ ಸುತ್ತಿ ಅಳೆದರೆ ಸುತ್ತಳತೆ 6 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಒಳ್ಳೆಯದು, ಏಕೆಂದರೆ ಮಾರಾಟಕ್ಕೆ ಬಂದ ಗೆಡ್ಡೆಯೊಳಗೆ ಈ ಸಲದ ಮೊಗ್ಗು ಆಗಲೇ ರೂಪುಗೊಂಡಿರುತ್ತದೆ, ಸಣ್ಣ ಗೆಡ್ಡೆಯಲ್ಲಿ ಅದು ಇರುವುದೇ ಇಲ್ಲ. ಸಿಪ್ಪೆಯ ಮೇಲೆ ಶಾಯಿ ಚೆಲ್ಲಿದಂಥ ಕಪ್ಪು ಕಲೆಗಳಿದ್ದರೆ ಅದು ಇಂಕ್ ರೋಗ ಎಂಬ ಶಿಲೀಂಧ್ರ ಬಾಧೆ. ಅಂಥ ಗೆಡ್ಡೆಯನ್ನು ಗೊಬ್ಬರಗುಂಡಿಗೂ ಹಾಕದೆ ಸುಟ್ಟುಬಿಡಿ. ಮೇಲುಮೇಲೆ ತೆಳುವಾಗಿ ಬೂಷ್ಟು ಹಿಡಿದಿದ್ದು ಒಳಗಿನ ಮೈ ಗಟ್ಟಿಯಾಗಿದ್ದರೆ ಒಣಬಟ್ಟೆಯಲ್ಲಿ ಒರೆಸಿ ಬಳಸಬಹುದು.

ಹಂತ 2: ದಿನಗಳ ಲೆಕ್ಕ

ಗೆಡ್ಡೆಗೆ 12ರಿಂದ 14 ವಾರ ಚಳಿ ಬೇಕು. ಅಕ್ಟೋಬರ್ 10ಕ್ಕೆ ಫ್ರಿಜ್ಜಿನೊಳಗಿಟ್ಟರೆ ಜನವರಿ 9ಕ್ಕೆ 13 ವಾರ ತುಂಬುತ್ತದೆ, ಹೊರತೆಗೆದ ಎರಡು ಮೂರು ವಾರಗಳಲ್ಲಿ, ಮುಂಜಾನೆಯ ಮಂಜು ಇನ್ನೂ ಇರುವಾಗಲೇ, ಹೂ ಅರಳುತ್ತದೆ. ನವೆಂಬರ್ ಮೊದಲ ವಾರ ದಾಟಿದ ಮೇಲೆ ಗೆಡ್ಡೆ ಕೈಗೆ ಬಂದರೆ ಹೂ ಬರುವ ಹೊತ್ತಿಗೆ ಫೆಬ್ರುವರಿಯ ಕೊನೆ ಅಥವಾ ಮಾರ್ಚ್ ಆಗಿರುತ್ತದೆ. ಭದ್ರಾವತಿ, ಶಿವಮೊಗ್ಗದಂಥ ಬಯಲಿಗೆ ಹತ್ತಿರದ ಊರುಗಳಲ್ಲಿ ಆಗಿನ ಮಧ್ಯಾಹ್ನದ ಬಿಸಿಗೆ ಮೊಗ್ಗು ಅರಳುವ ಮೊದಲೇ ಕರಟುವುದು ಹೆಚ್ಚು. ಸುಮಾರು 1,000 ಮೀಟರ್‌ಗಿಂತ ಎತ್ತರದಲ್ಲಿರುವ ಚಿಕ್ಕಮಗಳೂರಿನವರಿಗೆ ಒಂದೆರಡು ವಾರದ ರಿಯಾಯಿತಿ ಇದೆ, ಉಳಿದವರು ಗೆಡ್ಡೆ ತಡವಾಗುವುದಾದರೆ ಆ ವರ್ಷ ಕೊಳ್ಳದಿರುವುದೇ ಲೇಸು.

ಹಂತ 3: ಮಣ್ಣಿನ ಮಿಶ್ರಣ

ನಮ್ಮ ಕಡೆಯ ಜಂಬಿಟ್ಟಿಗೆ ಮಣ್ಣು ಹುಳಿ ಗುಣದ್ದು. ರಸಸಾರ, ಅಂದರೆ ಮಣ್ಣಿನ ಹುಳಿ ಮತ್ತು ಕ್ಷಾರದ ಅಳತೆ, 7ಕ್ಕಿಂತ ಸಾಕಷ್ಟು ಕೆಳಗಿರುತ್ತದೆ. ಮಳೆ ಹೆಚ್ಚಾದಷ್ಟೂ ಮಣ್ಣಿನ ಸುಣ್ಣದಂಶ ತೊಳೆದುಹೋಗುವುದರಿಂದ ಹೀಗಾಗುತ್ತದೆ. ಐರಿಸ್ ಬಯಸುವುದು 7ರ ಆಸುಪಾಸಿನ ಅಥವಾ ತುಸು ಕ್ಷಾರದ ಮಣ್ಣನ್ನು. ಆದ್ದರಿಂದ ಎರಡು ಪಾಲು ದಪ್ಪ ಮರಳು, ಒಂದು ಪಾಲು ಜರಡಿ ಹಿಡಿದ ಕೆಂಪು ಮಣ್ಣು, ಒಂದು ಪಾಲು ಎಲೆಗೊಬ್ಬರ ಸೇರಿಸಿ, ಐದು ಲೀಟರ್ ಮಿಶ್ರಣಕ್ಕೆ ಎರಡು ಟೀ ಚಮಚದಷ್ಟು ಕೃಷಿ ಸುಣ್ಣ ಅಥವಾ ಡಾಲಮೈಟ್ ಪುಡಿ ಬೆರೆಸಿ. ಎಲೆಯಡಿಕೆಗೆ ಹಚ್ಚುವ ಅರಳಿದ ಸುಣ್ಣವನ್ನು ಬಳಸಬೇಡಿ, ಅದರ ತೀಕ್ಷ್ಣತೆಗೆ ಬೇರು ಸುಡುತ್ತದೆ.

ಮರಳು ಹೊಳೆಯದ್ದಾದರೂ ಎಂ ಸ್ಯಾಂಡ್ ಆದರೂ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಅದರಲ್ಲಿನ ನುಣುಪು ದೂಳು ಕುಂಡದ ತಳದಲ್ಲಿ ಕೆಸರಾಗಿ ಕೂತು ತೂತನ್ನು ಕಟ್ಟಿಸುತ್ತದೆ. ಎಲೆಗೊಬ್ಬರವೆಂದರೆ ನಮ್ಮ ಕಡೆ ದರಕು ಎನ್ನುವ ಒಣ ತರಗೆಲೆ ಪೂರ್ತಿ ಕಳಿತು ಕಪ್ಪಾಗಿ ಪುಡಿಯಾದದ್ದು. ಹಸಿ ಸಗಣಿ, ಅರೆಬೆಂದ ಕೊಟ್ಟಿಗೆ ಗೊಬ್ಬರ, ಸಗಣಿ ನೀರು ಯಾವುದೂ ಬೇಡ. ಕೊಟ್ಟಿಗೆ ಗೊಬ್ಬರವಿಲ್ಲದೆ ಗಿಡ ನೆಡುವುದು ಮಲೆನಾಡಿನವರ ಕೈಗೆ ಒಗ್ಗದ ಮಾತು ಎಂಬುದು ನಿಜ, ಆದರೆ ಮೂರು ತಿಂಗಳು ತಂಪಿನಲ್ಲಿ ಅಲುಗದೆ ಕೂರುವ ಒದ್ದೆ ಮಣ್ಣಿನಲ್ಲಿ ಅದು ಗೆಡ್ಡೆಯನ್ನು ಕೊಳೆಸುವುದಕ್ಕೇ ನೆರವಾಗುತ್ತದೆ. ಹೂವಿಗೆ ಬೇಕಾದ ಆಹಾರ ಗೆಡ್ಡೆಯೊಳಗೇ ಇದೆ. ತೆಂಗಿನ ನಾರಿನ ಪುಡಿಯೂ ನೀರು ಹಿಡಿದಿಟ್ಟುಕೊಳ್ಳುವುದರಿಂದ ಇಲ್ಲಿಗೆ ಸೂಕ್ತವಲ್ಲ.

ಹಂತ 4: ನೆಡುವುದು

ಕುಂಡದ ತಳಕ್ಕೆ ಹೆಂಚಿನ ಚೂರು ಹಾಕಿ, ಅರ್ಧಕ್ಕೆ ಮಿಶ್ರಣ ತುಂಬಿ, ಚೂಪು ತುದಿ ಮೇಲಾಗುವಂತೆ ಐದರಿಂದ ಏಳು ಗೆಡ್ಡೆಗಳನ್ನು ಎರಡು ಬೆರಳಿನ ಅಂತರದಲ್ಲಿ ಜೋಡಿಸಿ, ಗೆಡ್ಡೆಯ ನೆತ್ತಿಯ ಮೇಲೆ ಸುಮಾರು 5 ಸೆಂಟಿಮೀಟರ್ ಮಣ್ಣು ಬರುವಂತೆ ಮುಚ್ಚಿ. ಒಮ್ಮೆ ನೀರು ಹಾಯಿಸಿ, ಹೆಚ್ಚುವರಿ ನೀರು ಪೂರ್ತಿ ಸೋರಿಹೋಗುವವರೆಗೆ ಕುಂಡವನ್ನು ನೆರಳಿನಲ್ಲಿಡಿ. ಒಂದೇ ಗೆಡ್ಡೆಯನ್ನು ದೊಡ್ಡ ಕುಂಡದಲ್ಲಿ ನೆಡಬೇಡಿ. ಅಂಗೈ ಎತ್ತರದ ಹೂವು ಒಂಟಿಯಾಗಿದ್ದರೆ ಕಣ್ಣಿಗೇ ಬೀಳುವುದಿಲ್ಲ.

ಹಂತ 5: ಚಳಿ ಕೊಡುವುದು

ಇಡೀ ಕೆಲಸದ ಜೀವಾಳ ಇದು. ಕುಂಡವನ್ನು ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನ ಕೆಳಭಾಗದಲ್ಲಿ, 4ರಿಂದ 8 ಡಿಗ್ರಿ ಇರುವಲ್ಲಿ ಇಡಿ. ಫ್ರೀಜರ್‌ನಲ್ಲಿ ಇಡಬಾರದು, ಐಸ್ ಕಟ್ಟುವ ಹಿಂಬದಿಯ ಗೋಡೆಗೆ ಒತ್ತಿಯೂ ಇಡಬಾರದು. ಹಿಮದ ನಾಡಿನ ಗಿಡವೆಂದು ಗೆಡ್ಡೆಗಳನ್ನು ಫ್ರೀಜರ್‌ಗೆ ಹಾಕಿದರೆ ಹೊರತೆಗೆದಾಗ ಅವು ಮೆತ್ತಗೆ ಕೊಳೆತು ಹೋಗುತ್ತವೆ. ತವರಿನಲ್ಲೂ ಗೆಡ್ಡೆ ಇರುವುದು ಹಿಮದ ಹೊದಿಕೆಯ ಅಡಿಯ ಮಣ್ಣಿನಲ್ಲಿ, ಮೇಲಿನ ಕೊರೆಯುವ ಗಾಳಿ ಅಲ್ಲಿಗೆ ತಲುಪುವುದಿಲ್ಲ.

ಎರಡನೆಯ ಎಚ್ಚರಿಕೆ ಹಣ್ಣಿನ ಬಗ್ಗೆ. ಮಾಗುತ್ತಿರುವ ಸೇಬು, ಬಾಳೆ, ಚಿಕ್ಕು, ಟೊಮೆಟೊಗಳಿಂದ ಎಥಿಲೀನ್ ಎಂಬ ಅನಿಲ ಹೊರಬರುತ್ತದೆ. ಒಂದು ಮಾಗಿದ ಹಣ್ಣು ಪಕ್ಕದ ಕಾಯನ್ನೂ ಮಾಗಿಸುವುದು ಇದರಿಂದಲೇ. ಈ ಅನಿಲ ಗೆಡ್ಡೆಯೊಳಗಿನ ಎಳೆಯ ಮೊಗ್ಗನ್ನು ಹಾಳುಮಾಡಬಲ್ಲದು, ಆಗ ಎಲೆ ಚೆನ್ನಾಗಿಯೇ ಬಂದರೂ ಹೂ ಬರುವುದಿಲ್ಲ. ಹಣ್ಣುಗಳನ್ನು ಆ ಮೂರು ತಿಂಗಳು ಹೊರಗಿಡುವ ವ್ಯವಸ್ಥೆ ಮಾಡಿಕೊಳ್ಳಿ, ಅಥವಾ ಹಳೆಯ ಫ್ರಿಜ್ ಇದ್ದರೆ ಅದನ್ನು ಗೆಡ್ಡೆಗಳಿಗೇ ಮೀಸಲಿಡಿ.

ಮೂರನೆಯದು, ಚೀಟಿ. ಬಿಡಿ ಗೆಡ್ಡೆಗಳು ನೋಡಲು ಥೇಟ್ ಸಾಂಬಾರ್ ಈರುಳ್ಳಿ. ಐರಿಸ್ ಗೆಡ್ಡೆ ತಿಂದರೆ ಹೊಟ್ಟೆ ಕೆಡುತ್ತದೆ, ವಾಂತಿಯಾಗುತ್ತದೆ. ದನಕರು, ನಾಯಿಗಳಿಗೂ ಅದು ಒಳ್ಳೆಯದಲ್ಲ. ‘ಹೂವಿನ ಗೆಡ್ಡೆ, ಅಡುಗೆಗಲ್ಲ’ ಎಂದು ಕಾಣುವಂತೆ ಬರೆದು, ಒಳಗಿಟ್ಟ ತಾರೀಖನ್ನೂ ಅದರ ಮೇಲೆ ನಮೂದಿಸಿ ಅಂಟಿಸಿ.

ಫ್ರಿಜ್ಜಿನಲ್ಲಿ ಕುಂಡಕ್ಕೆ ಜಾಗವಿಲ್ಲದವರು ಮೊದಲ ಎಂಟು ವಾರ ಗೆಡ್ಡೆಗಳನ್ನು ಕಾಗದದ ಚೀಲದಲ್ಲಿ ಒಣಗಿರುವಂತೆಯೇ ಫ್ರಿಜ್ಜಿನಲ್ಲಿಟ್ಟು ಆಮೇಲೆ ನೆಡಬಹುದು. ಆದರೆ ಕೊನೆಯ ನಾಲ್ಕೈದು ವಾರವಾದರೂ ಕುಂಡದ ತೇವ ಮಣ್ಣಿನಲ್ಲಿ ಚಳಿ ಸಿಗಲೇಬೇಕು, ಬೇರು ಬಿಡುವುದು ಆಗಲೇ. ಬೇರಿಲ್ಲದ ಗೆಡ್ಡೆಯನ್ನು ಬೆಚ್ಚನೆಯ ಗಾಳಿಗೆ ತಂದರೆ ಎಲೆ ನುಗ್ಗಿ ಬರುತ್ತದೆ, ಮೊಗ್ಗು ಹಿಂದೆಯೇ ಬಾಡುತ್ತದೆ.

ವಾರಕ್ಕೊಮ್ಮೆ ಮಣ್ಣು ಮುಟ್ಟಿ ನೋಡಿ. ಮೇಲ್ಪದರ ಒಣಗಿದ್ದರೆ ಎರಡು ಚಮಚ ನೀರು ಸಾಕು. ಕರೆಂಟು ಕೆಲವು ಗಂಟೆ ಹೋದರೆ ಚಿಂತೆಯಿಲ್ಲ, ಬಾಗಿಲು ತೆರೆಯದಿದ್ದರಾಯಿತು.

ಹಂತ 6: ಹೊರತರುವುದು

ವಾರ ತುಂಬಿತೆಂಬುದೊಂದೇ ಗುರುತಲ್ಲ. ಮಣ್ಣಿನ ಮೇಲೆ ಎರಡು ಮೂರು ಸೆಂಟಿಮೀಟರ್ ಎತ್ತರದ ಬಿಳಿಚಿದ ಮೊಳಕೆ ಕಾಣಬೇಕು, ಕುಂಡದ ತಳದ ತೂತಿನಲ್ಲಿ ಬಿಳಿ ಬೇರು ಇಣುಕಬೇಕು. ಎರಡೂ ಇಲ್ಲದಿದ್ದರೆ ಇನ್ನೊಂದು ವಾರ ಒಳಗೇ ಬಿಡಿ. ಅವಸರದಿಂದ ಹೊರತಂದ ಗೆಡ್ಡೆಯ ಹೂವು ತೊಟ್ಟು ಬೆಳೆಯದೆ ಎಲೆಗಳ ನಡುವೆಯೇ ಸಿಕ್ಕಿಕೊಳ್ಳುತ್ತದೆ.

ಹೊರತಂದ ಮೊದಲ ನಾಲ್ಕೈದು ದಿನ ಮನೆಯ ಅತ್ಯಂತ ತಂಪಾದ ನೆರಳಿನಲ್ಲಿ, ಹೆಂಚಿನ ಮನೆಯಾದರೆ ನೆಲದ ಮೇಲೆಯೇ, ಕುಂಡವನ್ನು ಇಡಿ. ಮೊಳಕೆ ಹಸಿರಾದ ಮೇಲೆ ಬೆಳಗಿನ ಎಳೆಬಿಸಿಲು ಬೀಳುವ ಪೂರ್ವದಿಕ್ಕಿನ ಜಗುಲಿಗೆ ತನ್ನಿ. ಹತ್ತು ಗಂಟೆಯ ನಂತರದ ಬಿಸಿಲು ತಾಗದಿರಲಿ, ರಾತ್ರಿ ಮಾತ್ರ ಅಂಗಳದ ಚಳಿಯಲ್ಲೇ ಇರಲಿ. ಹೂವಿನ ಆಯುಸ್ಸು ನಿರ್ಧಾರವಾಗುವುದು ರಾತ್ರಿಯ ತಂಪಿನಿಂದ. ಮಂಗಗಳ ಕಾಟವಿರುವ ಊರಿನಲ್ಲಿ ಹಗಲು ಕುಂಡದ ಮೇಲೊಂದು ಬುಟ್ಟಿಯನ್ನೋ ಜಾಲರಿಯನ್ನೋ ಮಗುಚಿಡಬೇಕಾದೀತು, ಏಕೆಂದರೆ ತಿನ್ನಲಿ ಬಿಡಲಿ, ಹೊಸದಾಗಿ ಕಂಡದ್ದನ್ನು ಅವು ಕಿತ್ತು ನೋಡದೆ ಹೋಗುವುದಿಲ್ಲ. ಇಲಿ, ಹೆಗ್ಗಣಗಳಿಗೆ ಗೆಡ್ಡೆಯೇ ಗುರಿ. ರಾತ್ರಿ ಕುಂಡವನ್ನು ನೆಲದಲ್ಲಿಡದೆ ಕಟ್ಟೆಯ ಮೇಲಿಡಿ.

ಮಣ್ಣು ಹದವಾದ ತೇವದಲ್ಲಿರಬೇಕು, ಈ ಹಂತದಲ್ಲಿ ಒಣಗಲೂಬಾರದು. ನೀರನ್ನು ಮೊಳಕೆಯ ನೆತ್ತಿಗೆ ಸುರಿಯದೆ ಕುಂಡದ ಅಂಚಿಗೆ ಹಾಕಿ.

ಹಂತ 7: ಹೂವಿನ ದಿನಗಳು

ಮೊಗ್ಗು ಮೊದಲು ಸುರುಳಿ ಸುತ್ತಿದ ಕಡುನೇರಳೆಯ ಕಡ್ಡಿಯಂತೆ ಮೇಲೇಳುತ್ತದೆ, ಬೆಚ್ಚನೆಯ ಬೆಳಗಿನಲ್ಲಿ ಒಂದೆರಡು ಗಂಟೆಯೊಳಗೇ ಬಿಚ್ಚಿಕೊಳ್ಳುತ್ತದೆ. ಮೂರು ದಳ ಹೊರಕ್ಕೆ ಬಾಗುತ್ತವೆ, ಮೂರು ನೆಟ್ಟಗೆ ನಿಲ್ಲುತ್ತವೆ. ಬಾಗಿದ ದಳದ ನಡುವೆ ಹಳದಿ ಅಥವಾ ಕಿತ್ತಳೆಯ ಗೆರೆಯೊಂದು ಒಳಕ್ಕೆ ಹರಿದಿರುತ್ತದೆ, ದುಂಬಿಗೆ ದಾರಿ ತೋರಿಸುವುದು ಅದೇ. ಎಲೆಯನ್ನು ಬೆರಳುಗಳ ನಡುವೆ ಉರುಳಿಸಿ ನೋಡಿ, ನಾಲ್ಕು ಮೂಲೆಗಳು ಕೈಗೆ ಸಿಗುತ್ತವೆ, ಗರಿಕೆಯಂತೆ ಚಪ್ಪಟೆಯಾಗಿರುವುದಿಲ್ಲ. ಹತ್ತಿರ ಮೂಗಿಟ್ಟರೆ ಕೆಲವು ತಳಿಗಳಲ್ಲಿ ನವಿರಾದ ಪರಿಮಳವೂ ಇರುತ್ತದೆ.

ನಮ್ಮ ಹವೆಯಲ್ಲಿ ಒಂದು ಹೂವು ಐದಾರು ದಿನ ಉಳಿದರೆ ಅದೇ ಹೆಚ್ಚು. ಎಲ್ಲ ಕುಂಡಗಳನ್ನೂ ಒಂದೇ ದಿನ ಹೊರತರದೆ ವಾರದ ಅಂತರದಲ್ಲಿ ಒಂದೊಂದಾಗಿ ತಂದರೆ ಮೂರು ವಾರ ಹೂ ನೋಡಬಹುದು. ತೋಟದಲ್ಲಿಯೇ ಹೂ ಕಾಣಬೇಕೆನ್ನುವವರು ಕುಂಡವನ್ನು ಅಂಚಿನವರೆಗೆ ಪಾತಿಯ ಮಣ್ಣಿನಲ್ಲಿ ಹುದುಗಿಸಿ ಸುತ್ತ ಬೆಣಚುಕಲ್ಲು ಹರಡಿ, ಹೂ ಮುಗಿದ ಮೇಲೆ ಕುಂಡಸಮೇತ ಎತ್ತಿಬಿಡಬಹುದು. ನೆಲದಲ್ಲೇ ನೆಟ್ಟ ಹಾಗೆ ಕಾಣುತ್ತದೆ.

ಹಂತ 8: ಹೂವಿನ ನಂತರ

ಹೂ ಬಾಡಿದ ಮೇಲೆ ಎಲೆ ಒಂದಡಿಗೂ ಮೀರಿ ಉದ್ದವಾಗಿ ಅಡ್ಡಾದಿಡ್ಡಿ ಬೀಳುತ್ತದೆ. ಗೆಡ್ಡೆಯನ್ನು ಉಳಿಸುವ ಉದ್ದೇಶವಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ, ನನ್ನ ಸಲಹೆಯೂ ಅದೇ. ಉಳಿಸಿ ನೋಡಲೇಬೇಕೆನ್ನುವವರು ಎಲೆಯನ್ನು ಕತ್ತರಿಸದೆ, ಜಡೆ ಹೆಣೆಯದೆ, ಬೆಳಕಿನಲ್ಲಿಟ್ಟು, ಪೊಟ್ಯಾಷ್ ಹೆಚ್ಚಿರುವ ಗೊಬ್ಬರವನ್ನು ತೆಳುವಾಗಿ ಕರಗಿಸಿ ಎರಡು ವಾರಕ್ಕೊಮ್ಮೆ ಕೊಡಬೇಕು. ಎಲೆ ತಾನಾಗಿ ಹಳದಿಯಾದಾಗ ನೀರು ನಿಲ್ಲಿಸಿ, ಒಣಗಿದ ಮೇಲೆ ಗೆಡ್ಡೆ ತೆಗೆದು ನೆರಳಿನಲ್ಲಿ ಆರಿಸಬೇಕು. ಮುಂಗಾರಿನ ಶೀತ ತಾಗದಂತೆ, ಸೌತೆ ಬೀಜವನ್ನು ಕಾಪಿಡುವ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಗಾಳಿಯಾಡುವ ಚೀಲದಲ್ಲಿ ತೂಗುಹಾಕಿದರೆ ಗೆಡ್ಡೆ ಕೊಳೆಯದೆ ಉಳಿಯಬಹುದು. ಉಳಿದರೂ ನಮ್ಮ ಚುಟುಕು ವಸಂತದಲ್ಲಿ ಅದು ಮೈ ತುಂಬಿಕೊಂಡಿರುವುದಿಲ್ಲ, ಹಾಗಾಗಿ ಮರುವರ್ಷ ಎಲೆ ಮಾತ್ರ ಬಂದರೆ ಆರೈಕೆಯಲ್ಲಿ ಲೋಪವಾಯಿತೆಂದು ತಿಳಿಯಬೇಕಿಲ್ಲ.

ಫ್ರಿಜ್ಜಿನ ಗೊಡವೆಯೇ ಬೇಡ, ಆದರೆ ಐರಿಸ್ ಕುಟುಂಬದ ಹೂ ಹಿತ್ತಿಲಲ್ಲಿ ಕಾಯಂ ಇರಬೇಕೆನ್ನುವವರಿಗೆ ಎರಡು ಗಿಡಗಳನ್ನು ಧೈರ್ಯವಾಗಿ ಸೂಚಿಸುತ್ತೇನೆ. ಒಂದು, ಕಿತ್ತಳೆ ದಳದ ಮೇಲೆ ಕೆಂಪು ಚುಕ್ಕೆಗಳಿರುವ ಬ್ಲ್ಯಾಕ್‌ಬೆರಿ ಲಿಲ್ಲಿ. ಹಿಂದೆ ಬೆಲಂಕ್ಯಾಂಡ ಎನ್ನುತ್ತಿದ್ದ ಇದನ್ನು ಸಸ್ಯವಿಜ್ಞಾನಿಗಳು ಈಗ ಐರಿಸ್ ಕುಲಕ್ಕೇ ಸೇರಿಸಿದ್ದಾರೆ. ಅದಕ್ಕೆ ಬಿಸಿಲಿರುವ, ನೀರು ನಿಲ್ಲದ ದಿಬ್ಬ ಬೇಕು. ಇನ್ನೊಂದು, ವಾಕಿಂಗ್ ಐರಿಸ್ ಎಂದು ನರ್ಸರಿಗಳಲ್ಲಿ ಸಿಗುವ ಬ್ರೆಜಿಲ್ ಮೂಲದ ನಿಯೊಮರಿಕಾ. ಬಿಳಿ ಮತ್ತು ನೀಲಿಯ ಅದರ ಹೂವು ಒಂದೇ ದಿನ ಇರುತ್ತದೆ, ಆದರೆ ಹೂಕಾಂಡದ ತುದಿಯಲ್ಲಿ ಮರಿಗಿಡ ಹುಟ್ಟಿ, ಭಾರಕ್ಕೆ ಬಾಗಿ ನೆಲ ಮುಟ್ಟಿದಲ್ಲಿ ಬೇರು ಬಿಡುತ್ತದೆ. ಅರೆನೆರಳು, ಮಲೆನಾಡಿನ ಮಳೆ ಎರಡನ್ನೂ ಅದು ತಾಳಿಕೊಳ್ಳುತ್ತದೆ. ಜೂನ್‌ನ ಮೊದಲ ಮಳೆ ಬಿದ್ದ ಮೇಲೆ ನೀರು ಬಸಿದುಹೋಗುವ ಜಾಗ ನೋಡಿ ಒಂದು ಮರಿ ನೆಟ್ಟರೆ ಸಾಕು.